ಪ್ರೊಪೇನ್ ಬಂದ್ ಮಾಡಿದ್ದರೂ ಕೂಗಿದ ಗ್ಯಾಸ್ ಅಲಾರಂ: ಒಂದು ಮೋಟಾರ್‌ಹೋಮಿನ ಪ್ರಕರಣ ಅಧ್ಯಯನ

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ನೆಲೆಸಿರುವ ಒಂದು ಕನ್ನಡ ಕುಟುಂಬ ಸೆಕೆಂಡ್ ಹ್ಯಾಂಡ್ ಆಗಿ ಕೊಂಡಿದ್ದ, ಸುಮಾರು 28 ಅಡಿ ಉದ್ದದ ‘ಕ್ಲಾಸ್ ಸಿ’ (ವ್ಯಾನಿನ ಅಥವಾ ಟ್ರಕ್ಕಿನ ಚಾಸಿಯ ಮೇಲೆ ವಾಸದ ಕೋಣೆ ಕಟ್ಟಿದ) ಮೋಟಾರ್‌ಹೋಮ್ ಈ ಪ್ರಕರಣದ ವಾಹನ. ಅದರ ಒಲೆ, ಒಳಗನ್ನು ಬೆಚ್ಚಗಿಡುವ ಫರ್ನೇಸ್, ನೀರಿನ ಹೀಟರ್ ಮತ್ತು ಫ್ರಿಜ್, ಈ ನಾಲ್ಕೂ ನೆಲದಡಿಯ ಸ್ಥಿರ ಟ್ಯಾಂಕಿನಿಂದ ಬರುವ ಪ್ರೊಪೇನ್ ಮೇಲೆ ನಡೆಯಬಲ್ಲವು. ಇವುಗಳ ಪೈಕಿ ಫ್ರಿಜ್ ಮತ್ತು ನೀರಿನ ಹೀಟರ್ ವಿದ್ಯುತ್ತಿನ ಮೇಲೂ ನಡೆಯುತ್ತವೆ. ಒಳಗಿನ ದೀಪ, ನೀರಿನ ಪಂಪು, ಫ್ಯಾನುಗಳಿಗೆ ಬೇಕಾದ 12 ವೋಲ್ಟ್ ವಿದ್ಯುತ್ತನ್ನು ಹತ್ತುವ ಮೆಟ್ಟಿಲಿನ ಕೆಳಗಿನ ಗೂಡಿನಲ್ಲಿ ಸಮಾನಾಂತರವಾಗಿ ಜೋಡಿಸಿದ ಎರಡು ಸೀಸ-ಆಮ್ಲ ಬ್ಯಾಟರಿಗಳು ಕೊಡುತ್ತವೆ. ಊಟದ ಮೇಜಿನ ಬೆಂಚಿನ ಪಕ್ಕಕ್ಕೆ, ನೆಲದಿಂದ ಒಂದು ಗೇಣು ಮೇಲೆ, ಪ್ರೊಪೇನ್ ಮತ್ತು ಕಾರ್ಬನ್ ಮಾನಾಕ್ಸೈಡ್ (ಇಂಧನ ಉರಿಯುವಾಗ ಹುಟ್ಟುವ, ವಾಸನೆಯಿಲ್ಲದ ವಿಷಾನಿಲ) ಎರಡನ್ನೂ ಗಮನಿಸುವ ಜೋಡಿ ಅಲಾರಂ ಇತ್ತು. ಇದಲ್ಲದೆ, ಮನೆಯಿಂದ ತಂದ, ಪುಟ್ಟ ಪರದೆಯುಳ್ಳ ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಂದನ್ನು ಹಿಂದಿನ ಹಾಸಿಗೆಯ ಬಳಿ ನೇತುಹಾಕಿದ್ದರು. ಮನೆಯವರು ಅತಿ ಎಚ್ಚರಿಕೆಯಿಂದ ತಂದಿಟ್ಟ ಈ ಎರಡನೆಯ ಉಪಕರಣ ಇಲ್ಲದಿದ್ದರೆ ಪ್ರಕರಣ ಬಗೆಹರಿಯಲು ಇನ್ನಷ್ಟು ಕಾಲ ಹಿಡಿಯುತ್ತಿತ್ತು.

ಅಕ್ಟೋಬರಿನಲ್ಲಿ ಕುಟುಂಬ ಯೊಸೆಮಿಟಿಯಲ್ಲಿ ಕೆಲವು ರಾತ್ರಿ ತಂಗಿ, ಟಯೋಗಾ ಕಣಿವೆದಾರಿಯನ್ನು ದಾಟಿ, ಸಿಯೆರಾ ನೆವಾಡ ಪರ್ವತಗಳ ಪೂರ್ವಕ್ಕಿರುವ ಬಿಷಪ್ ಪಟ್ಟಣದ ಬಳಿ ವಿದ್ಯುತ್ ಸಂಪರ್ಕವಿರುವ ಒಂದು ಕ್ಯಾಂಪ್‌ಗ್ರೌಂಡಿನಲ್ಲಿ ವಾಹನ ನಿಲ್ಲಿಸಿತು. ಅಲ್ಲಿನ ಮೊದಲ ರಾತ್ರಿ, ನಸುಕಿನ ಮೂರು ಗಂಟೆಯ ಹೊತ್ತಿಗೆ ನೆಲದ ಬಳಿಯ ಅಲಾರಂ ಕೂಗತೊಡಗಿತು. ಸ್ವಲ್ಪದರಲ್ಲೇ ಹಾಸಿಗೆಯ ಬಳಿಯದೂ ದನಿಗೂಡಿಸಿತು. ಒಳಗೆ ಕೊಳೆತ ಮೊಟ್ಟೆಯಂಥ ವಾಸನೆಯಿತ್ತು. ಎಲ್ಲರೂ ಹೊರಗೆ ಬಂದರು, ಯಾವ ಸ್ವಿಚ್ಚನ್ನೂ ಮುಟ್ಟಲಿಲ್ಲ, ಬಾಗಿಲನ್ನು ತೆರೆದೇ ಬಿಟ್ಟರು, ಟ್ಯಾಂಕಿನ ವಾಲ್ವನ್ನು ಹೊರಗಿನಿಂದ ತಿರುಗಿಸಿ ಮುಚ್ಚಿ 911ಕ್ಕೆ ಕರೆ ಮಾಡಿದರು. ಇಷ್ಟರಲ್ಲಿ ಒಂದೂ ತಪ್ಪು ಹೆಜ್ಜೆಯಿಲ್ಲ. ಅಗ್ನಿಶಾಮಕ ಸಿಬ್ಬಂದಿ ಬಂದು ನಾಲ್ಕು ಅನಿಲಗಳನ್ನು ಅಳೆಯುವ ಮೀಟರನ್ನು ಒಳಗೆ ಹಿಡಿದಾಗ ಆಮ್ಲಜನಕದ ಅಂಕಿ ಸಹಜವಾಗಿತ್ತು, ಉಳಿದವೆಲ್ಲ ಸೊನ್ನೆಯಾಗಿದ್ದವು, ಏಕೆಂದರೆ ಅಷ್ಟರಲ್ಲಿ ಬಾಗಿಲು ತೆರೆದು ಬಹಳ ಹೊತ್ತಾಗಿತ್ತು. ಬೆಳಗ್ಗೆ ಎಲ್ಲವೂ ಸರಿಯಾಗಿದ್ದಂತೆ ಕಂಡಿತು.

ಊರಿಗೆ ಮರಳಿದ ಮೇಲೆ ಒಂದು ದುರಸ್ತಿ ಅಂಗಡಿಯವರು ಅಲಾರಮನ್ನು ಬಿಚ್ಚಿ, ಅದರ ಬೆನ್ನಿನ ಮೇಲಿನ ತಯಾರಿಕೆಯ ದಿನಾಂಕವನ್ನು ತೋರಿಸಿ, ಆಯಸ್ಸು ಮುಗಿದಿದೆಯೆಂದು ಹೊಸದನ್ನು ಕೂರಿಸಿದರು. ಅದು ಸಮಂಜಸವಾದ ಕೆಲಸವೇ ಆಗಿತ್ತು. ಇಂಥ ಉಪಕರಣಗಳು ಮಾದರಿಗೆ ತಕ್ಕಂತೆ ಐದರಿಂದ ಹತ್ತು ವರ್ಷ ಬಾಳುತ್ತವೆ; ಇದರ ಆಯಸ್ಸು ಐದೇ ವರ್ಷದ್ದಾಗಿತ್ತು ಮತ್ತು ಅದು ದಾಟಿತ್ತು. ಆದರೆ ಮುಂದಿನ ಪ್ರವಾಸದಲ್ಲಿ, ವಿದ್ಯುತ್ ಸಂಪರ್ಕವಿರುವ ಮತ್ತೊಂದು ಕ್ಯಾಂಪ್‌ಗ್ರೌಂಡಿನಲ್ಲಿ, ಹೊಸ ಅಲಾರಂ ಕೂಡ ಬೆಳಗಿನ ಜಾವವೇ ಕೂಗಿತು. ಬ್ಯಾಟರಿ ಮತ್ತು ವಿದ್ಯುತ್ ಮಾಪನದ ಕೆಲಸ ಬಲ್ಲವನೆಂಬ ಕಾರಣಕ್ಕೆ ವಾಹನ ನನ್ನ ಮುಂದೆ ಬಂದದ್ದು ಈ ಹಂತದಲ್ಲಿ.

ಕೂಗಿನಲ್ಲಿದ್ದ ಮಾಹಿತಿ

ಮನೆಯ ಮಗಳು ಎರಡನೆಯ ಬಾರಿಯ ಗದ್ದಲವನ್ನು ಹೊರಗೆ ನಿಂತು ಫೋನಿನಲ್ಲಿ ಧ್ವನಿಮುದ್ರಿಸಿದ್ದಳು. ಗ್ಯಾಸ್ ಅಲಾರಂ ಎಂದಾಕ್ಷಣ ಜನ ಅದನ್ನು ಒಂದೇ ಬಗೆಯ ಶಬ್ದವೆಂದು ಭಾವಿಸುತ್ತಾರೆ. ವಾಸ್ತವದಲ್ಲಿ ಶಬ್ದದ ಲಯವೇ ಅರ್ಧ ಸಂಗತಿಯನ್ನು ಹೇಳುತ್ತದೆ. ಅರ್ಧ ನಿಮಿಷಕ್ಕೊಮ್ಮೆ ಒಂಟಿಯಾಗಿ ‘ಚಿಕ್’ ಎಂದರೆ ಸಾಮಾನ್ಯವಾಗಿ ವೋಲ್ಟೇಜ್ ಕುಸಿದಿದೆ ಅಥವಾ ಉಪಕರಣದ ಆಯಸ್ಸು ತೀರಿದೆ. ಅಮೆರಿಕದಲ್ಲಿ ಮೂರು ದೀರ್ಘ ಬೀಪು, ಬಿಡುವು, ಮತ್ತೆ ಮೂರು ಎಂಬುದು ಹೊಗೆಯ ಸೂಚನೆ. ನಾಲ್ಕು ಚುಟುಕು ಬೀಪು, ಸುಮಾರು ಐದು ಸೆಕೆಂಡ್ ಬಿಡುವು, ಮತ್ತೆ ನಾಲ್ಕು ಎಂಬುದು ಕಾರ್ಬನ್ ಮಾನಾಕ್ಸೈಡಿನ ಸೂಚನೆ. ಈ ಧ್ವನಿಮುದ್ರಣದಲ್ಲಿ ಬಿಡುವಿಲ್ಲದೆ ಮಿಡಿಯುತ್ತಿದ್ದ ಪ್ರೊಪೇನ್ ಸೂಚನೆಯೂ, ಹಿನ್ನೆಲೆಯಲ್ಲಿ ನಾಲ್ಕು ನಾಲ್ಕರ ಮಾನಾಕ್ಸೈಡ್ ಸೂಚನೆಯೂ ಬೇರೆಬೇರೆಯಾಗಿ ಕೇಳುತ್ತಿದ್ದವು. ಅಂದರೆ ಉಪಕರಣ ಕೆಟ್ಟು ಕಿರುಚಿದ್ದಲ್ಲ. ಬೇರೆ ತಯಾರಕರ, ಬೇರೆ ವಿದ್ಯುತ್ ಮೂಲದ ಎರಡು ಉಪಕರಣಗಳು ಏನೋ ಕಂಡು ಕೂಗಿದ್ದವು. ಒಂದಕ್ಕೆ ವಾಹನದ 12 ವೋಲ್ಟ್, ಇನ್ನೊಂದಕ್ಕೆ ತನ್ನದೇ ಪುಟ್ಟ ಸೆಲ್ಲುಗಳು. ಹೀಗಾಗಿ ವೈರಿಂಗಿನ ಗೊಂದಲ ಎಂಬ ವಿವರಣೆಯೂ ನಿಲ್ಲುತ್ತಿರಲಿಲ್ಲ.

ಹಾಸಿಗೆಯ ಬಳಿಯ ಅಲಾರಮ್ಮಿಗೆ ತಾನು ಕಂಡ ಗರಿಷ್ಠ ಮಟ್ಟವನ್ನು ನೆನಪಿಟ್ಟುಕೊಳ್ಳುವ ಗುಣವಿತ್ತು. ಗುಂಡಿ ಒತ್ತಿದಾಗ ಪರದೆಯಲ್ಲಿ 114 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಅನಿಲದ 114 ಭಾಗ) ಎಂದು ಬಂತು. ಯುಎಲ್ 2034 ಎಂಬ ಅಮೆರಿಕದ ಮಾನದಂಡದಂತೆ ಇಂಥ ಅಲಾರಂ 70 ಪಿಪಿಎಂ ಮಟ್ಟದಲ್ಲಿ ಒಂದರಿಂದ ನಾಲ್ಕು ಗಂಟೆಯೊಳಗೆ, 150ರಲ್ಲಿ 10ರಿಂದ 50 ನಿಮಿಷದೊಳಗೆ, 400ರಲ್ಲಿ 4ರಿಂದ 15 ನಿಮಿಷದೊಳಗೆ ಕೂಗಬೇಕು. ಎಂದಮೇಲೆ 114ರ ನೆನಪಿಟ್ಟುಕೊಂಡ ಅಲಾರಂ ಯಾವುದೋ ಕ್ಷಣಿಕ ವಾಸನೆಗೆ ಬೆಚ್ಚಿದ್ದಲ್ಲ; ಗಂಟೆಗಟ್ಟಲೆ ನಿಧಾನವಾಗಿ ಏರಿದ ಏನನ್ನೋ ಅದು ಲೆಕ್ಕವಿಟ್ಟಿತ್ತು. ಸೊನ್ನೆ ತೋರಿಸಿದ ಅಗ್ನಿಶಾಮಕರ ಮೀಟರಿಗಿಂತ ಈ ಅಗ್ಗದ ಪೆಟ್ಟಿಗೆಯ ಸಾಕ್ಷ್ಯಕ್ಕೆ ನಾನು ಹೆಚ್ಚು ಬೆಲೆ ಕೊಟ್ಟೆ, ಏಕೆಂದರೆ ಘಟನೆ ನಡೆದಾಗ ಒಳಗೆ ಇದ್ದದ್ದು ಅದು.

ಹಾಗಾದರೆ ಕಾರ್ಬನ್ ಮಾನಾಕ್ಸೈಡ್ ಬಂದದ್ದೆಲ್ಲಿಂದ? ಅದು ಹುಟ್ಟಲು ಏನಾದರೂ ಉರಿಯಬೇಕು. ಆ ರಾತ್ರಿ ಫರ್ನೇಸ್ ಉರಿದಿರಲಿಲ್ಲ; ಕ್ಯಾಂಪ್‌ಗ್ರೌಂಡಿನ ವಿದ್ಯುತ್ತಿಗೆ ಹೇಗೂ ಹಣ ತೆತ್ತಿರುವುದರಿಂದ ಅನೇಕರು ಮಾಡುವಂತೆ ಇವರೂ ಚಿಕ್ಕ ಎಲೆಕ್ಟ್ರಿಕ್ ಹೀಟರ್ ಇಟ್ಟುಕೊಂಡಿದ್ದರು. ಫ್ರಿಜ್ಜೂ ನೀರಿನ ಹೀಟರೂ ವಿದ್ಯುತ್ತಿನ ಮೇಲಿದ್ದವು. ಜನರೇಟರ್ ನಿಂತಿತ್ತು. ಪ್ರತಿಯೊಂದು ತಾಣಕ್ಕೂ ವಿದ್ಯುತ್ ಇರುವ ಜಾಗದಲ್ಲಿ ನೆರೆಯವರು ನಸುಕಿನಲ್ಲಿ ಜನರೇಟರ್ ಓಡಿಸುವುದೂ ಇಲ್ಲ. ಇಡೀ ವಾಹನದಲ್ಲಿ ಒಂದು ಕಡ್ಡಿಯಷ್ಟೂ ಬೆಂಕಿಯಿರಲಿಲ್ಲ.

ಕೈಬಿಟ್ಟ ಅನುಮಾನಗಳು

ಕುಟುಂಬದವರ ಮೊದಲ ಅನುಮಾನ ಅಡುಗೆಯ ಮೇಲಿತ್ತು, ಮತ್ತು ಅದು ನಗುವಂಥ ಅನುಮಾನವೇನಲ್ಲ. ಪ್ರೊಪೇನ್ ಅಲಾರಮ್ಮುಗಳಲ್ಲಿ ಸಾಮಾನ್ಯವಾಗಿರುವುದು ಬಿಸಿಮಾಡಿದ ಟಿನ್ ಆಕ್ಸೈಡಿನ ಸಂವೇದಕ. 1960ರ ದಶಕದಲ್ಲಿ ಜಪಾನಿನ ನವೋಯೋಶಿ ತಗುಚಿ ರೂಪಿಸಿದ ಈ ಬಗೆಯ ಸಂವೇದಕದ ಮೇಲ್ಮೈಗೆ ಗಾಳಿಯ ಆಮ್ಲಜನಕ ಅಂಟಿಕೊಂಡಿರುತ್ತದೆ, ಉರಿಯಬಲ್ಲ ಅನಿಲ ಬಂದು ಆ ಆಮ್ಲಜನಕವನ್ನು ಕಿತ್ತುಕೊಂಡಾಗ ವಿದ್ಯುತ್ ರೋಧ ಇಳಿಯುತ್ತದೆ, ಅಲಾರಂ ಕೂಗುತ್ತದೆ. ಬಂದದ್ದು ಪ್ರೊಪೇನೋ, ಹೇರ್‌ಸ್ಪ್ರೇಯೋ, ನೆಲ ಒರೆಸುವ ದ್ರಾವಣದ ಆಲ್ಕೋಹಾಲೋ ಎಂದು ಅದಕ್ಕೆ ತಿಳಿಯದು. ಮೇಜಿನ ಬೆಂಚಿನೊಳಗೆ, ಅಲಾರಮ್ಮಿನ ಬೆನ್ನಿಗೇ, ರಾತ್ರಿ ಬೆಚ್ಚಗಿರಲೆಂದು ದೋಸೆ ಹಿಟ್ಟಿನ ಪಾತ್ರೆ ಇಟ್ಟಿದ್ದರು. ಉದ್ದು-ಅಕ್ಕಿಯ ಹಿಟ್ಟನ್ನು ಹುದುಗಿಸುವ ಬ್ಯಾಕ್ಟೀರಿಯಾಗಳು ಕಾರ್ಬನ್ ಡೈಆಕ್ಸೈಡಿನ ಜೊತೆ ಸ್ವಲ್ಪ ಆಲ್ಕೋಹಾಲನ್ನೂ ಬಿಡುತ್ತವೆ; ಹಿಟ್ಟು ಉಬ್ಬುವುದೂ ನಸುಕಿನ ಹೊತ್ತಿಗೇ. ತಾತ್ತ್ವಿಕವಾಗಿ ಎಲ್ಲವೂ ಹೊಂದುತ್ತದೆ. ಆದರೆ ಯೊಸೆಮಿಟಿಯಲ್ಲೂ ಅದೇ ಪಾತ್ರೆ ಅದೇ ಜಾಗದಲ್ಲಿತ್ತು, ಅಲ್ಲಿ ಅಲಾರಂ ಸುಮ್ಮನಿತ್ತು. ಇಂಗಿನ ಒಗ್ಗರಣೆಯ ಕಥೆಯೂ ಇಷ್ಟೇ: ಅದರ ಹೊಗೆ ರಾತ್ರಿ ಎಂಟಕ್ಕೆ ಎದ್ದರೆ ಅಲಾರಂ ಮೂರು ಗಂಟೆಗೆ ಕೂಗಲು ಕಾರಣವಿಲ್ಲ.

ಎತ್ತರದ ಮಾತನ್ನೂ ಯಾರೋ ಆಡಿದ್ದರು. ಟಯೋಗಾ ದಾರಿ ಸುಮಾರು 3,030 ಮೀಟರ್ ಎತ್ತರಕ್ಕೇರುತ್ತದೆ, ನಿಜ. ಆದರೆ ಎರಡನೆಯ ಘಟನೆ ನಡೆದದ್ದು ಸಮುದ್ರಮಟ್ಟಕ್ಕೆ ಹತ್ತಿರದ ಜಾಗದಲ್ಲಿ. ಬಚ್ಚಲ ಕೊಳವೆಯಲ್ಲಿ ನೀರು ನಿಂತು ವಾಸನೆ ತಡೆಯುವ ಬಾಗು, ಅಂದರೆ ಪಿ-ಟ್ರ್ಯಾಪ್, ಒಣಗಿ ಅಲ್ಲಿಂದ ಕೊಳಚೆ ಟ್ಯಾಂಕಿನ ವಾಸನೆ ಬಂದಿರಬಹುದೇ ಎಂದು ಪ್ರತಿ ಬಚ್ಚಲಿಗೂ ನೀರು ಸುರಿದು ನೋಡಿದೆವು, ಟ್ರ್ಯಾಪುಗಳು ತುಂಬಿದ್ದವು. ಹೀರಿಕೆಯ ತತ್ತ್ವದ ಈ ಫ್ರಿಜ್ಜುಗಳ ಕೊಳವೆಯಲ್ಲಿ ಅಮೋನಿಯ, ನೀರು ಮತ್ತು ಹೈಡ್ರೋಜನ್ ಇರುತ್ತವೆ; ಅದು ಸೋರಿದರೆ ಮೂಗಿಗೆ ಹೊಡೆಯುವುದು ಮೊಟ್ಟೆಯ ವಾಸನೆಯಲ್ಲ, ಅಮೋನಿಯದ ಘಾಟು, ಮತ್ತು ಹಿಂಬದಿಯಲ್ಲಿ ಹಳದಿ ಪುಡಿ ಕೂತಿರುತ್ತದೆ. ಅಂಥದ್ದೇನೂ ಕಾಣಲಿಲ್ಲ, ಫ್ರಿಜ್ ತಣ್ಣಗಿತ್ತು.

ಪ್ರೊಪೇನಿನ ವಿಷಯದಲ್ಲಿ ಮಾತ್ರ ತರ್ಕವನ್ನಷ್ಟೇ ನಂಬಿ ಕೂರುವಂತಿಲ್ಲ. ಅದು ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಸೋರಿದರೆ ನೆಲದ ಮೇಲೆ ಹರಡಿಕೊಳ್ಳುತ್ತದೆ, ಗಾಳಿಯಲ್ಲಿ ಶೇಕಡಾ 2.1 ಸೇರಿದರೆ ಕಿಡಿಗೆ ಹೊತ್ತಿಕೊಳ್ಳುತ್ತದೆ. ಆ ಕೆಳಮಿತಿಯ ಕಾಲುಭಾಗ ಮುಟ್ಟುವುದರೊಳಗೆ ಅಲಾರಂ ಕೂಗಬೇಕೆಂದು ಯುಎಲ್ 1484 ಎಂಬ ಮಾನದಂಡ ಹೇಳುತ್ತದೆ. ಆದ್ದರಿಂದ ಒಲೆಯ ಬರ್ನರ್ ಬಳಿ ಮ್ಯಾನೋಮೀಟರ್ ಜೋಡಿಸಿ ಒತ್ತಡ ನೋಡಲಾಯಿತು. ಉಪಕರಣ ಉರಿಯುವಾಗ 11 ಇಂಚು ನೀರಿನ ಮಟ್ಟದ ಒತ್ತಡ ಸ್ಥಿರವಾಗಿತ್ತು. ಟ್ಯಾಂಕ್ ವಾಲ್ವ್ ಮುಚ್ಚಿ, ಒತ್ತಡವನ್ನು ಸ್ವಲ್ಪ ಇಳಿಸಿ ಬಿಟ್ಟಾಗ ಮುಳ್ಳು ಕದಲಲಿಲ್ಲ. ಪ್ರತಿಯೊಂದು ಜೋಡಣೆಗೂ ಸೋರಿಕೆ ಪತ್ತೆಯ ದ್ರಾವಣ ಹಚ್ಚಿದೆವು. ಇದಕ್ಕೆ ಅಡುಗೆಮನೆಯ ಪಾತ್ರೆ ಸೋಪನ್ನು ಬಳಸುವ ರೂಢಿಯಿದೆ. ಅಮೋನಿಯ ಅಥವಾ ಕ್ಲೋರಿನ್ ಇರುವ ದ್ರಾವಣ ತಾಮ್ರ ಮತ್ತು ಹಿತ್ತಾಳೆಯನ್ನು ತಿನ್ನುವುದರಿಂದ ಅದು ಒಳ್ಳೆಯ ರೂಢಿಯಲ್ಲ. ಗುಳ್ಳೆ ಎಲ್ಲೂ ಏಳಲಿಲ್ಲ.

ವಾಸನೆಯೇ ಎಲ್ಲರನ್ನೂ ದಾರಿ ತಪ್ಪಿಸಿತ್ತು. ಬೆಂಗಳೂರಿನ ಅಡುಗೆಮನೆಯ ಸಿಲಿಂಡರಿಗೂ ಅಮೆರಿಕದ ಪ್ರೊಪೇನಿಗೂ ಬೆರೆಸುವುದು ಮರ್ಕ್ಯಾಪ್ಟನ್ ವರ್ಗದ ವಾಸನಾದ್ರವ್ಯ. ಆ ವಾಸನೆ ಗೊತ್ತಿಲ್ಲದ ಭಾರತೀಯ ಮನೆಯಿಲ್ಲ. ಅದಕ್ಕೆ ಹತ್ತಿರದ ವಾಸನೆ ಹೈಡ್ರೋಜನ್ ಸಲ್ಫೈಡಿಗೂ ಇದೆ, ಮತ್ತು ನಿದ್ದೆಗಣ್ಣಿನಲ್ಲಿ ಎದ್ದವರಿಗೆ ಅವುಗಳ ವ್ಯತ್ಯಾಸ ಹೊಳೆಯುವುದಿಲ್ಲ. ‘ಗ್ಯಾಸ್ ವಾಸನೆ ಬಂತು’ ಎಂದು ಮನೆಯವರು ಅಂಗಡಿಯಲ್ಲಿ ಹೇಳಿದ ಮೇಲೆ ಅಲ್ಲಿನವರೂ ಗ್ಯಾಸಿನ ದಾರಿಯಲ್ಲೇ ಹುಡುಕಿದರು.

ಯಾವ ಅನಿಲ ಎಂಬುದಕ್ಕಿಂತ ಯಾವಾಗ ಎಂಬುದು

ಕುಟುಂಬದವರನ್ನು ಕೂರಿಸಿ, ಅಲಾರಂ ಕೂಗಿದ ಮತ್ತು ಕೂಗದ ರಾತ್ರಿಗಳ ವಿವರವನ್ನು ಬರೆಯಿಸಿಕೊಂಡೆ. ಕೂಗದ ರಾತ್ರಿಗಳ ಬಗ್ಗೆ ಅದುವರೆಗೆ ಯಾರೂ ಕೇಳಿರಲಿಲ್ಲ. ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಕ್ಯಾಂಪ್‌ಗ್ರೌಂಡುಗಳಲ್ಲಿ ವಿದ್ಯುತ್ ಸಂಪರ್ಕ (ಹುಕಪ್) ಇಲ್ಲ. ಅಲ್ಲಿ ಫರ್ನೇಸ್ ಉರಿದಿತ್ತು, ಫ್ರಿಜ್ ಪ್ರೊಪೇನ್ ಮೇಲೆ ಓಡಿತ್ತು, ಸಂಜೆ ಸ್ವಲ್ಪ ಹೊತ್ತು ಜನರೇಟರ್ ಕೂಡ ನಡೆದಿತ್ತು. ಪ್ರೊಪೇನ್ ಸೋರಲು, ಕಾರ್ಬನ್ ಮಾನಾಕ್ಸೈಡ್ ಹುಟ್ಟಲು ಇದ್ದ ಅವಕಾಶಗಳೆಲ್ಲ ಅಲ್ಲೇ ಇದ್ದವು, ಆದರೂ ಎರಡು ಅಲಾರಮ್ಮುಗಳೂ ಮೌನವಾಗಿದ್ದವು. ಏನೂ ಉರಿಯದ, ಎಲ್ಲವೂ ವಿದ್ಯುತ್ತಿನಲ್ಲಿ ನಡೆದ ರಾತ್ರಿಗಳಲ್ಲೇ ಅವು ಕೂಗಿದ್ದವು, ಅದೂ ಪ್ಲಗ್ ಹಾಕಿ ಹತ್ತು ಹನ್ನೆರಡು ಗಂಟೆಗಳಾದ ಮೇಲೆ. ಈ ತಲೆಕೆಳಗಾದ ನಮೂನೆ ಕಣ್ಣಿಗೆ ಬಿದ್ದ ಮೇಲೆ ಪ್ರೊಪೇನಿನ ಪೈಪುಗಳನ್ನು ಇನ್ನೊಮ್ಮೆ ಪರೀಕ್ಷಿಸುವ ಅಗತ್ಯ ನನಗೆ ಕಾಣಲಿಲ್ಲ.

ಹೊರಗಿನ ವಿದ್ಯುತ್ ಸಿಕ್ಕಿದಾಗ ರಾತ್ರಿಯಿಡೀ ನಡೆಯುವ, ಅನಿಲ ಹುಟ್ಟಿಸಬಲ್ಲ ಕೆಲಸ ಇಂಥ ವಾಹನದಲ್ಲಿ ಒಂದೇ: ಬ್ಯಾಟರಿ ಚಾರ್ಜಿಂಗ್. ಸೀಸ-ಆಮ್ಲ ಬ್ಯಾಟರಿ ತುಂಬಿದ ಮೇಲೂ ಅದರೊಳಗೆ ಕರೆಂಟ್ ಹರಿಯುತ್ತಿದ್ದರೆ ನೀರು ಒಡೆದು ಹೈಡ್ರೋಜನ್ ಮತ್ತು ಆಮ್ಲಜನಕವಾಗುತ್ತದೆ; ವಿಪರೀತ ಬಿಸಿಯೇರಿದರೆ ಗಂಧಕಾಮ್ಲದಿಂದ ಹೈಡ್ರೋಜನ್ ಸಲ್ಫೈಡೂ ಹೊರಡುತ್ತದೆ. ಮೊಟ್ಟೆಯ ವಾಸನೆಗೆ ಇದರಿಂದ ವಿವರಣೆ ಸಿಕ್ಕಿತು. ಉಳಿದ ಒಗಟು, ಎರಡು ಬೇರೆ ತತ್ತ್ವದ ಸಂವೇದಕಗಳು ಒಟ್ಟಿಗೆ ಕೂಗಿದ್ದೇಕೆ ಎಂಬುದು. ಕಾರ್ಬನ್ ಮಾನಾಕ್ಸೈಡ್ ಅಲಾರಮ್ಮಿನಲ್ಲಿರುವುದು ವಿದ್ಯುದ್ರಾಸಾಯನಿಕ ಸಂವೇದಕ: ಅನಿಲ ಒಂದು ವಿದ್ಯುದ್ವಾರದ ಮೇಲೆ ಉತ್ಕರ್ಷಣಗೊಂಡಾಗ ಹುಟ್ಟುವ ಅತ್ಯಲ್ಪ ಕರೆಂಟನ್ನು ಅದು ಪಿಪಿಎಂ ಆಗಿ ಓದುತ್ತದೆ. ಅದೇ ವಿದ್ಯುದ್ವಾರದ ಮೇಲೆ ಹೈಡ್ರೋಜನ್ ಕೂಡ ಸಲೀಸಾಗಿ ಉತ್ಕರ್ಷಣಗೊಳ್ಳುತ್ತದೆ. ಟಿನ್ ಆಕ್ಸೈಡ್ ಸಂವೇದಕವಂತೂ ಉರಿಯಬಲ್ಲ ಯಾವುದಕ್ಕೂ ಸ್ಪಂದಿಸುವಂಥದ್ದು. ಪ್ರೊಪೇನೂ ಅಲ್ಲದ, ಮಾನಾಕ್ಸೈಡೂ ಅಲ್ಲದ, ಆದರೆ ಎರಡು ಉಪಕರಣಗಳಿಗೂ ತಮ್ಮ ತಮ್ಮ ಅನಿಲದಂತೆಯೇ ತೋರುವ ಮೂರನೆಯದೊಂದು ಇದ್ದರೆ ಅದು ಹೈಡ್ರೋಜನ್. ಇದನ್ನು ‘ಸುಳ್ಳು ಅಲಾರಂ’ ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಹೆಸರು ಹೇಳುವಲ್ಲಿ ಉಪಕರಣ ಎಡವಿತ್ತೇ ಹೊರತು ಕೋಣೆಯಲ್ಲಿ ಉರಿಯಬಲ್ಲ ಅನಿಲ ಸೇರುತ್ತಿದೆ ಎಂಬ ಅದರ ಹೇಳಿಕೆ ಅಕ್ಷರಶಃ ನಿಜವಾಗಿತ್ತು.

ಪರೀಕ್ಷೆ ಮತ್ತು ಮೆಟ್ಟಿಲ ಕೆಳಗೆ ಕಂಡದ್ದು

ವಾಹನವನ್ನು ಮನೆಯ ಮುಂದೆ ನಿಲ್ಲಿಸಿ, ಯಾರೂ ಒಳಗೆ ಮಲಗದಂತೆ ನೋಡಿಕೊಂಡು, ಟ್ಯಾಂಕ್ ವಾಲ್ವ್ ಮುಚ್ಚಿ, ಒಲೆಯ ಜ್ವಾಲೆ ತಾನಾಗಿ ಸಾಯುವವರೆಗೆ ಪೈಪಿನಲ್ಲಿದ್ದ ಪ್ರೊಪೇನನ್ನೆಲ್ಲ ಉರಿಸಿದೆವು. ಕಿಟಕಿಗಳನ್ನು ಮುಚ್ಚಿ ಹೊರಗಿನ ವಿದ್ಯುತ್ ಕೊಟ್ಟೆವು. ಮೊದಲ ರಾತ್ರಿ ಎಲೆಕ್ಟ್ರಿಕ್ ಹೀಟರ್ ಚಾಲೂ ಇತ್ತು, ಬ್ಯಾಟರಿ ಚಾರ್ಜ್ ಮಾಡುವ ಕನ್ವರ್ಟರಿನ ಬ್ರೇಕರನ್ನು ಮಾತ್ರ ಇಳಿಸಿದ್ದೆವು. ಬಾಡಿಗೆಗೆ ತಂದ ನಾಲ್ಕು ಅನಿಲಗಳ ಮೀಟರಿನ ದಾಖಲೆಯಲ್ಲಿ ಬೆಳಗಿನವರೆಗೆ ಆಮ್ಲಜನಕದ ಹೊರತು ಎಲ್ಲವೂ ಸೊನ್ನೆ. ಮರುರಾತ್ರಿ ಬೇರೇನನ್ನೂ ಬದಲಿಸದೆ ಕನ್ವರ್ಟರಿನ ಬ್ರೇಕರನ್ನು ಏರಿಸಿದೆವು. ನಡುರಾತ್ರಿ ದಾಟಿದ ಮೇಲೆ ‘ಮಾನಾಕ್ಸೈಡ್’ ಕಾಲಂ ಏರತೊಡಗಿತು, ಹೈಡ್ರೋಜನ್ ಸಲ್ಫೈಡ್ ಕಾಲಂನಲ್ಲಿ ಒಂದೆರಡು ಪಿಪಿಎಂ ಕಾಣಿಸಿಕೊಂಡಿತು, ಬೆಳಗಿನ ಜಾವ ಅಲಾರಂ ಕೂಗಿತು. ಪ್ರೊಪೇನ್ ಬಂದ್, ಬೆಂಕಿ ಇಲ್ಲ, ಆದರೂ ಕೂಗು. ಪ್ರಶ್ನೆ ಅಲ್ಲಿಗೆ ಇತ್ಯರ್ಥವಾಯಿತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹೈಡ್ರೋಜನ್ ತುಂಬಿರಬಹುದಾದ ಬ್ಯಾಟರಿ ಗೂಡಿನ ಮುಚ್ಚಳ ತೆಗೆದು ನೇರವಾಗಿ ಸ್ಪ್ಯಾನರ್ ಹಾಕಿದರೆ, ಕರೆಂಟ್ ಹರಿಯುತ್ತಿರುವ ಕ್ಲಾಂಪಿನಿಂದ ಏಳುವ ಒಂದೇ ಕಿಡಿ ಸಾಕು, ಬ್ಯಾಟರಿ ಸಿಡಿದು ಆಮ್ಲ ಮುಖಕ್ಕೆ ಎರಚುತ್ತದೆ. ಮೊದಲು ಹೊರಗಿನ ವಿದ್ಯುತ್ತನ್ನು ದೂರದ ಬ್ರೇಕರಿನಿಂದ ಕಡಿದು, ಮುಚ್ಚಳ ತೆರೆದಿಟ್ಟು ಗಾಳಿಯಾಡಲು ಬಿಟ್ಟು, ಕನ್ನಡಕ ಮತ್ತು ಕೈಗವಸು ಧರಿಸಿದ ಮೇಲಷ್ಟೇ ಕೈಹಾಕಬೇಕು. ಕಡಿಯುವ ಮುನ್ನ ಒಳಗಿನ ಫಲಕದ ಬಳಿ ಅಳೆದ ಎರಡು ಅಂಕಿಗಳು ಹೀಗಿದ್ದವು: ವೋಲ್ಟೇಜ್ 14.1, ಕ್ಲಾಂಪ್ ಮೀಟರಿನಲ್ಲಿ ಕರೆಂಟ್ 11 ಆಂಪಿಯರ್. ಒಂದು ಇಡೀ ರಾತ್ರಿ ಚಾರ್ಜ್ ಆದ ಆರೋಗ್ಯವಂತ ಬ್ಯಾಟರಿ ಜೋಡಿ ಆ ಹೊತ್ತಿಗೆ 13.6 ವೋಲ್ಟಿನ ಆಸುಪಾಸಿಗೆ ಇಳಿದು ಒಂದು ಆಂಪಿಯರಿಗಿಂತ ಕಡಿಮೆ ಎಳೆಯಬೇಕಿತ್ತು.

ಗೂಡು ತೆರೆದಾಗ ಎಡಗಡೆಯ ಬ್ಯಾಟರಿಯ ಪಕ್ಕೆಗಳು ಉಬ್ಬಿದ್ದವು. ಇನ್‌ಫ್ರಾರೆಡ್ ಥರ್ಮಾಮೀಟರಿನಲ್ಲಿ ಅದರ ಮೈ 52 ಡಿಗ್ರಿ ಸೆಲ್ಸಿಯಸ್, ಬಲಗಡೆಯದು 24. ಎಡಗಡೆಯದರ ಆರು ಸೆಲ್ಲುಗಳ ಮುಚ್ಚಳಗಳನ್ನು ಬಿಚ್ಚಿ ಟಾರ್ಚ್ ಬಿಟ್ಟು ನೋಡಿದಾಗ ಐದು ಸೆಲ್ಲುಗಳಲ್ಲಿ ದ್ರಾವಣ ಇಳಿದು ತಟ್ಟೆಗಳ ತುದಿ ಗಾಳಿಗೆ ತೆರೆದುಕೊಂಡು ಬೂದು ಬಣ್ಣಕ್ಕೆ ತಿರುಗಿತ್ತು. ಆರನೆಯದು ಮಾತ್ರ ಕತ್ತಿನವರೆಗೆ ತುಂಬಿ, ತಿಳಿಯಾಗಿ, ಎಲ್ಲಕ್ಕಿಂತ ಚೆನ್ನಾಗಿರುವಂತೆ ಕಂಡಿತು. ನೋಡಿದವರು ಮೊದಲ ಐದನ್ನು ದೂರುವುದು ಸಹಜ. ದ್ರಾವಣದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಬೇರೆಯೇ ಹೇಳಿತು. ನೀರು ಕಳೆದುಕೊಂಡು ಗಟ್ಟಿಯಾದ ಐದು ಸೆಲ್ಲುಗಳ ದ್ರಾವಣದಲ್ಲಿ ಸಾಪೇಕ್ಷ ಸಾಂದ್ರತೆ 1.300ರ ಮೇಲಿತ್ತು, ತುಂಬಿ ನಿಂತಿದ್ದ ಆರನೆಯದರಲ್ಲಿ 1.120. ಪೂರ್ತಿ ಚಾರ್ಜ್ ಆದ ಸೆಲ್ಲಿನಲ್ಲಿ ಅದು 1.265ರಷ್ಟಿರಬೇಕು. ಆರನೆಯ ಸೆಲ್ ಒಳಗೇ ಶಾರ್ಟ್ ಆಗಿ ಸತ್ತಿತ್ತು. ಸತ್ತ ಸೆಲ್ಲಿನಲ್ಲಿ ನೀರು ಒಡೆಯುವುದಿಲ್ಲವಾದ್ದರಿಂದಲೇ ಅದರ ಮಟ್ಟ ಇಳಿದಿರಲಿಲ್ಲ.

ಇದರ ಪರಿಣಾಮವನ್ನು ಭಾಗಾಕಾರದಿಂದಲೇ ತಿಳಿಯಬಹುದು. ಆರು ಸೆಲ್ಲುಗಳಿಗೆ ಹಂಚಬೇಕಾದ 14.1 ವೋಲ್ಟನ್ನು ಐದಕ್ಕೆ ಹಂಚಿದರೆ ಪ್ರತಿಯೊಂದಕ್ಕೂ 2.82 ವೋಲ್ಟ್ ಬೀಳುತ್ತದೆ. ಸೆಲ್ಲೊಂದು ಜೋರಾಗಿ ಅನಿಲ ಬಿಡಲು 2.4 ವೋಲ್ಟ್ ಸಾಕು. ಕನ್ವರ್ಟರಿನ ದೃಷ್ಟಿಯಲ್ಲಿ ಬ್ಯಾಟರಿ ಇನ್ನೂ ಕರೆಂಟ್ ಬೇಡುತ್ತಿದೆ, ಆದ್ದರಿಂದ ಅದು ಚಾರ್ಜಿನ ಕೊನೆಯ ಹಂತಕ್ಕೆ ಹೋಗುವುದೇ ಇಲ್ಲ. ತುಂಬದ ಪಾತ್ರೆಗೆ ರಾತ್ರಿಯಿಡೀ ಸುರಿಯುತ್ತಲೇ ಇರುತ್ತದೆ. ಪಕ್ಕದ ಬ್ಯಾಟರಿ ಆರೋಗ್ಯವಾಗಿದ್ದದ್ದರಿಂದ ದೀಪಗಳು ಉರಿಯುತ್ತಿದ್ದವು, ಪಂಪು ನಡೆಯುತ್ತಿತ್ತು, ಯಾರಿಗೂ ಬ್ಯಾಟರಿಯ ಮೇಲೆ ಸಂಶಯ ಬಂದಿರಲಿಲ್ಲ. ಎರಡನ್ನೂ ಬೇರ್ಪಡಿಸಿ, ಬಲಗಡೆಯದನ್ನು ಪ್ರತ್ಯೇಕವಾಗಿ ಚಾರ್ಜ್ ಮಾಡಿ, ಇಡೀ ದಿನ ಸುಮ್ಮನಿಟ್ಟು ಅಳೆದಾಗ ಅದು 12.6 ವೋಲ್ಟ್ ತೋರಿಸಿತು, ಎಡಗಡೆಯದು 10.4.

ಹೊರಬಿದ್ದ ಹೈಡ್ರೋಜನ್ನಿನ ಪ್ರಮಾಣವನ್ನೂ ಅಂದಾಜು ಮಾಡಬಹುದು. ಅತಿಚಾರ್ಜಿನ ಪ್ರತಿ ಆಂಪಿಯರ್-ಗಂಟೆಗೆ ಪ್ರತಿ ಸೆಲ್ಲಿನಿಂದ ಸುಮಾರು 0.42 ಲೀಟರ್ ಹೈಡ್ರೋಜನ್ ಬರುತ್ತದೆ. ಐದು ಸೆಲ್, 10 ಆಂಪಿಯರ್, ಆರು ಗಂಟೆ ಎಂದಿಟ್ಟುಕೊಂಡರೆ 126 ಲೀಟರ್. ಇದರ ಹತ್ತನೇ ಒಂದು ಭಾಗ ಮಾತ್ರ ಸುಮಾರು 25 ಘನ ಮೀಟರಿನ ಮುಚ್ಚಿದ ಕ್ಯಾಬಿನ್ನಿಗೆ ಸೇರಿದರೂ 500 ಪಿಪಿಎಂ ಆಗುತ್ತದೆ. ಅದರಲ್ಲಿ ಒಂದಂಶವನ್ನು ಮಾನಾಕ್ಸೈಡೆಂದು ಓದುವ ಸಂವೇದಕ 114 ತೋರಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಮಲಗಿದ್ದವರಿಗೆ ಈ ಮಟ್ಟದ ಹೈಡ್ರೋಜನ್ ವಿಷವಲ್ಲ. ಅಪಾಯವಿದ್ದದ್ದು ಮೆಟ್ಟಿಲ ಕೆಳಗೆ. ಹೈಡ್ರೋಜನ್ ಗಾಳಿಯಲ್ಲಿ ಶೇಕಡಾ 4 ಆದರೆ ಹೊತ್ತಿಕೊಳ್ಳುತ್ತದೆ, ಮತ್ತು ಆ ಪುಟ್ಟ ಗೂಡಿನಲ್ಲಿ ಅಷ್ಟಾಗಲು ಕೆಲವೇ ಲೀಟರ್ ಸಾಕು.

ಅನಿಲ ಒಳಗೆ ಬಂದ ದಾರಿ

ಬ್ಯಾಟರಿ ಕೆಟ್ಟರೂ ಅನಿಲ ಹೊರಗೆ ಹೋಗಿಬಿಡಬೇಕೆಂದೇ ಗೂಡಿನ ಮೇಲ್ಭಾಗದಿಂದ ಹೊರಕ್ಕೆ ಒಂದು ಗಾಳಿಕೊಳವೆ ಇರುತ್ತದೆ. ಇಲ್ಲಿ ಅದರ ಬಾಯಿಗೆ ಕುಂಬಾರ ಹುಳು ಮಣ್ಣಿನ ಗೂಡು ಕಟ್ಟಿ ಗಟ್ಟಿಯಾಗಿ ಬೆಣೆ ಹೊಡೆದಂತೆ ಮುಚ್ಚಿತ್ತು. ನಿಲ್ಲಿಸಿಟ್ಟ ವಾಹನಗಳ ಬರ್ನರ್ ಕೊಳವೆ, ಫರ್ನೇಸಿನ ಹೊಗೆಕಿಂಡಿಗಳಿಗೂ ಈ ಕಣಜಗಳ ಕಾಟ ಇದ್ದದ್ದೇ. ಇನ್ನೊಂದು ಕಡೆ, ಬ್ಯಾಟರಿ ಕೇಬಲ್ಲುಗಳು ನೆಲವನ್ನು ತೂರಿ ಒಳಗೆ ಬರುವ ರಂಧ್ರದ ರಬ್ಬರ್ ಬಳೆ (ಗ್ರೋಮೆಟ್) ಒಣಗಿ ಕಳಚಿಹೋಗಿತ್ತು. ಆ ರಂಧ್ರ ತೆರೆದುಕೊಳ್ಳುವುದು ಮೇಜಿನ ಬೆಂಚಿನೊಳಕ್ಕೆ, ಅಂದರೆ ಜೋಡಿ ಅಲಾರಮ್ಮಿನ ಬೆನ್ನಿಗೆ. ಗಾಳಿಗಿಂತ ಹಗುರವಾದ ಹೈಡ್ರೋಜನ್ ನೆಲದ ಬಳಿಯ ಅಲಾರಮನ್ನು ಮೊದಲು ಮುಟ್ಟಿದ್ದು ಹೇಗೆ ಎಂಬ ಆಕ್ಷೇಪಕ್ಕೆ ಇದು ಉತ್ತರ: ಮೇಲಕ್ಕೆ ಏರುವ ಮುನ್ನ ಅದು ಅಲ್ಲಿಂದಲೇ ಹಾದುಹೋಗಬೇಕಿತ್ತು.

ದುರಸ್ತಿಯಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಎರಡೂ ಬ್ಯಾಟರಿಗಳನ್ನು ಒಟ್ಟಿಗೇ ಬದಲಿಸಲಾಯಿತು, ಏಕೆಂದರೆ ಹಳೆಯದರ ಜೊತೆ ಹೊಸದನ್ನು ಸಮಾನಾಂತರವಾಗಿ ಜೋಡಿಸಿದರೆ ಹೊಸದು ಬೇಗ ಸವೆಯುತ್ತದೆ. ಮನೆಯವರಿಗೆ ಲಿಥಿಯಂ ಹಾಕಿಸುವ ಆಸೆಯಿತ್ತು. ಇರುವ ಕನ್ವರ್ಟರಿನಲ್ಲಿ ಅದಕ್ಕೆ ತಕ್ಕ ಚಾರ್ಜಿಂಗ್ ಕ್ರಮವಿಲ್ಲದ್ದರಿಂದ ದ್ರಾವಣವನ್ನು ಗಾಜಿನ ನಾರಿನ ಹಾಸಿನಲ್ಲಿ ಹೀರಿಸಿಟ್ಟ, ಮುಚ್ಚಿದ ಸೀಸ-ಆಮ್ಲ ಬ್ಯಾಟರಿಗಳಾದ ಎಜಿಎಂ ಬಗೆಯವನ್ನು ಆಯ್ದರು. ಇವು ಸಾಮಾನ್ಯ ಸ್ಥಿತಿಯಲ್ಲಿ ಅನಿಲ ಬಿಡುವುದು ತೀರ ಕಡಿಮೆ, ಆದರೆ ಅತಿಚಾರ್ಜ್ ಆದರೆ ಇವುಗಳ ವಾಲ್ವೂ ತೆರೆದುಕೊಳ್ಳುತ್ತದೆ. ಆದ್ದರಿಂದ ಗಾಳಿಕೊಳವೆಯನ್ನು ಬಿಡಿಸಿ, ಬಾಯಿಗೆ ಜಾಲರಿ ಕಟ್ಟಿ, ಕೇಬಲ್ ರಂಧ್ರಕ್ಕೆ ಹೊಸ ಗ್ರೋಮೆಟ್ ಮತ್ತು ಸೀಲಂಟ್ ಹಾಕಲಾಯಿತು. ಬಳಿಕ ಕಿಟಕಿ ಮುಚ್ಚಿ, ಇಡೀ ರಾತ್ರಿ ಪ್ಲಗ್ ಹಾಕಿ, ಅದೇ ಮೀಟರನ್ನು ಬೆಂಚಿನೊಳಗಿಟ್ಟು ನೋಡಿದಾಗ ಬೆಳಗ್ಗೆ ಕರೆಂಟ್ ಅರ್ಧ ಆಂಪಿಯರಿಗೆ ಇಳಿದಿತ್ತು, ಮೀಟರಿನ ದಾಖಲೆಯಲ್ಲಿ ಆಮ್ಲಜನಕದ್ದನ್ನು ಬಿಟ್ಟರೆ ಸೊನ್ನೆಯ ಹೊರತು ಬೇರೆ ಅಂಕಿಯಿರಲಿಲ್ಲ. ಅಲಾರಮ್ಮಿನ ಟೆಸ್ಟ್ ಗುಂಡಿ ಅದರ ಶಬ್ದ ಮತ್ತು ಸರ್ಕ್ಯೂಟನ್ನಷ್ಟೇ ಪರೀಕ್ಷಿಸುತ್ತದೆ, ಸಂವೇದಕವನ್ನಲ್ಲ. ಆದ್ದರಿಂದ ಪರೀಕ್ಷಾ ಅನಿಲದ ಡಬ್ಬಿಯಿಂದ ಒಂದಿಷ್ಟು ಬಿಟ್ಟು ಅದು ಕೂಗುವುದನ್ನೂ ಖಚಿತಪಡಿಸಿಕೊಂಡೆವು.

ಸೆಲ್ ಸತ್ತದ್ದೇಕೆ

ಬ್ಯಾಟರಿಗಳು ಬಹಳ ಹಳೆಯವಾಗಿರಲಿಲ್ಲ, ಹಾಗಾಗಿ ಈ ಪ್ರಶ್ನೆ ಉಳಿದಿತ್ತು. ಮನೆಯೊಡೆಯರು ನೆನಪಿಸಿಕೊಂಡ ಒಂದು ವಿವರ ಇದಕ್ಕೆ ಸಹಾಯಕ್ಕೆ ಬಂತು: ಹಿಂದಿನ ಚಳಿಗಾಲದಲ್ಲಿ, ಬಾಡಿಗೆ ಜಾಗದಲ್ಲಿ ನಿಲ್ಲಿಸಿದ್ದ ವಾಹನದಿಂದ ಆಗಾಗ ‘ಚಿಕ್’ ಎಂಬ ಶಬ್ದ ಬರುತ್ತಿದೆಯೆಂದು ಪಕ್ಕದ ವಾಹನದವರು ತಿಳಿಸಿದ್ದರಂತೆ, ಕೆಲವು ದಿನಗಳ ಮೇಲೆ ಅದು ತಾನಾಗಿ ನಿಂತಿತ್ತಂತೆ. ಆ ಚಿಕ್ ಹಳೆಯ ಗ್ಯಾಸ್ ಅಲಾರಮ್ಮಿನದು. ವೋಲ್ಟೇಜ್ ಕುಸಿಯುತ್ತಿದೆ ಎಂದು ಅದು ಹೇಳುತ್ತಿತ್ತು, ಮತ್ತು ನಿಂತದ್ದು ಬ್ಯಾಟರಿ ಪೂರ್ತಿ ಬರಿದಾದಾಗ.

ಬರಿದು ಮಾಡಿದ್ದರಲ್ಲೂ ಆ ಅಲಾರಮ್ಮಿನದೇ ದೊಡ್ಡ ಪಾಲಿತ್ತು. ಟಿನ್ ಆಕ್ಸೈಡ್ ಸಂವೇದಕವನ್ನು ಸದಾ ಬಿಸಿಯಾಗಿಡಬೇಕಾದ್ದರಿಂದ ಇಂಥ ಅಲಾರಂ ಹಗಲಿರುಳು ಕರೆಂಟ್ ಎಳೆಯುತ್ತದೆ. ಈ ವಾಹನದಲ್ಲಿ ಅಳೆದಾಗ ಅದು 80 ಮಿಲಿಆಂಪಿಯರ್, ಅಂದರೆ ದಿನಕ್ಕೆ ಸುಮಾರು 2 ಆಂಪಿಯರ್-ಗಂಟೆ. ಸುರಕ್ಷತೆಯ ಉಪಕರಣವನ್ನು ಯಾರೂ ಮರೆತು ಆರಿಸಬಾರದೆಂಬ ಉದ್ದೇಶದಿಂದ ಅದರ ವೈರನ್ನು ಬ್ಯಾಟರಿ ಡಿಸ್‌ಕನೆಕ್ಟ್ ಸ್ವಿಚ್ಚಿನ ಹೊರಗಿನಿಂದ ನೇರವಾಗಿ ಎಳೆದಿದ್ದರು. ಸ್ವಿಚ್ ಆರಿಸಿದ್ದೇವೆಂದು ಮನೆಯವರು ನಿಶ್ಚಿಂತರಾಗಿದ್ದರು. ಒಟ್ಟು 160 ಆಂಪಿಯರ್-ಗಂಟೆಯ ಜೋಡಿ ನಾಲ್ಕೈದು ತಿಂಗಳ ಚಳಿಗಾಲದಲ್ಲಿ ಪೂರ್ತಿ ಬರಿದಾಯಿತು. ಹಾಗೆ ಬರಿದಾದ ಬ್ಯಾಟರಿಯಲ್ಲಿ ಆಮ್ಲ ಬಹುತೇಕ ನೀರಾಗುತ್ತದೆ, ಆ ತೆಳು ದ್ರಾವಣದಲ್ಲಿ ಸೀಸದ ಸಲ್ಫೇಟ್ ಸ್ವಲ್ಪ ಕರಗುತ್ತದೆ, ಮತ್ತೆ ಚಾರ್ಜ್ ಮಾಡಿದಾಗ ಅದು ತಟ್ಟೆಗಳ ನಡುವಿನ ವಿಭಾಜಕದೊಳಗೆ ಸೀಸದ ಎಳೆಯಾಗಿ ಕೂತು ಎರಡು ಬದಿಯನ್ನೂ ಬೆಸೆಯಬಲ್ಲದು. ವಸಂತದಲ್ಲಿ ಇವರು ಬ್ಯಾಟರಿಯನ್ನು ಚಾರ್ಜ್ ಮಾಡಿಸಿ ಹೊರಟಾಗಲೇ ಆರನೆಯ ಸೆಲ್ಲಿನಲ್ಲಿ ಈ ಕೆಲಸ ಶುರುವಾಗಿತ್ತೆಂಬುದು ನನ್ನ ಊಹೆ. ಬ್ಯಾಟರಿಯನ್ನು ಕೊಯ್ದು ನೋಡದ ಕಾರಣ ಅದನ್ನು ಊಹೆಯೆಂದೇ ದಾಖಲಿಸುತ್ತೇನೆ.

ಅಲಾರಮ್ಮಿನ ವೈರಿಂಗನ್ನು ಬದಲಿಸಲಿಲ್ಲ. ಅದು ಸ್ವಿಚ್ಚಿನ ಹೊರಗಿರುವುದೇ ಸರಿ. ಬದಲಿಗೆ ಚಾವಣಿಯ ಮೇಲೆ 100 ವ್ಯಾಟಿನ ಸೌರಫಲಕವನ್ನೂ ಅದಕ್ಕೊಂದು ನಿಯಂತ್ರಕವನ್ನೂ ಕೂರಿಸಿದರು. ಚಳಿಗಾಲದ ಮಂದ ಬಿಸಿಲಿನಲ್ಲೂ ದಿನಕ್ಕೆ 2 ಆಂಪಿಯರ್-ಗಂಟೆ ತುಂಬಲು ಅಷ್ಟು ಸಾಕಾಗುತ್ತದೆ. ಮುಚ್ಚಿದ ಶೆಡ್ಡಿನಲ್ಲಿ ನಿಲ್ಲಿಸಬೇಕಾಗಿ ಬಂದರೆ ಬ್ಯಾಟರಿಯ ಋಣಧ್ರುವದ ಕ್ಲಾಂಪನ್ನು ಕೈಯಾರೆ ಕಳಚಿಡಬೇಕೆಂಬ ಚೀಟಿಯೊಂದು ಈಗ ಚಾಲಕನ ಸೀಟಿನ ಮುಂದೆ ಅಂಟಿದೆ.